ಕಮಿಷನ್ ಹಣ ಮತ್ತು ಭಾನುವಾರದ ಅರಿಕೆ

ಪ್ರಶ್ನೆ: ನಾನು ಮೈಸೂರಿನಲ್ಲಿ ಮನೆ ವೈರಿಂಗ್ ಕೆಲಸ ಹಿಡಿದು ಮಾಡಿಸುವವನು. ನಮ್ಮದು ಸಿಎಸ್‌ಐ ಸಭೆ, ಈಗ ಸಭಾ ಸಮಿತಿಯಲ್ಲೂ ಇದ್ದೇನೆ. ಮನೆ ಕಟ್ಟಿಸುವವರನ್ನು ‘ಇಲ್ಲಿ ರೇಟು ಕಡಿಮೆ’ ಎಂದು ಹೇಳಿ ನನ್ನ ಪರಿಚಯದ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ. ವೈರು, ಸ್ವಿಚ್ಚು, ಎಂಸಿಬಿ ಎಲ್ಲ ಸೇರಿ ಬಿಲ್ಲಾದ ಮೇಲೆ ಅಂಗಡಿಯವರು ನೂರಕ್ಕೆ ಹತ್ತರಂತೆ ನನಗೆ ಕೊಡುತ್ತಾರೆ. ಗಿರಾಕಿಗೆ ಇದು ಗೊತ್ತಿರುವುದಿಲ್ಲ. ಹೋದ ವರ್ಷ ಉಪವಾಸ ಕೂಟದಲ್ಲಿ ಒಂದು ಸಂದೇಶ ಕೇಳಿದಾಗಿನಿಂದ ರಾತ್ರಿ ನಿದ್ದೆಯಿಲ್ಲ. ಹೆಂಡತಿ ‘ಎಲ್ಲರೂ ತಗೋತಾರೆ, ನಾವು ದಶಮಾಂಶ ತಪ್ಪಿಸಿಲ್ಲವಲ್ಲ’ ಅನ್ನುತ್ತಾಳೆ. ಗೆಳೆಯನೊಬ್ಬ ‘ಯೇಸುವಿನ ರಕ್ತ ತೊಳೆದಾಯ್ತು, ಮತ್ತೆ ಯಾಕೆ ಹೊರ್ತೀಯ’ ಅನ್ನುತ್ತಾನೆ. ಈಗ ಕ್ರಿಕೆಟ್ ನೋಡಿದರೂ, ಪ್ರಾರ್ಥನೆಯಲ್ಲಿ ತೂಕಡಿಸಿದರೂ ಪಾಪ ಮಾಡಿದೆ ಅನ್ನಿಸುತ್ತದೆ. ನನಗೇನಾದರೂ ಮನಸ್ಸಿನ ಕಾಯಿಲೆಯೇ? ಒಂದು ಭಾನುವಾರ ಎದ್ದುನಿಂತು ಸಭೆಯ ಮುಂದೆ ಎಲ್ಲ ಹೇಳಿಬಿಡಲೇ? ಮಗ ಐಟಿಐ ಮುಗಿಸಿ ನನ್ನ ಜೊತೆಗೇ ಕೆಲಸಕ್ಕೆ ಬರುವವನಿದ್ದಾನೆ. ಅವನಿಗೆ ಇದನ್ನು ತಿಳಿಸಬೇಕೇ?

ಉತ್ತರ: ಪ್ರಿಯ ಸಹೋದರರೇ, ನಿಮ್ಮ ಪತ್ರದಲ್ಲಿ ಎರಡು ಬಗೆಯ ಸಂಕಟಗಳು ಒಂದರೊಳಗೊಂದು ಕಲಸಿಹೋಗಿವೆ. ಮೊದಲು ಅವನ್ನು ಬೇರೆ ಮಾಡೋಣ. ಕ್ರಿಕೆಟ್ಟು, ತೂಕಡಿಕೆ ಒಂದು ಕಡೆ ಇರಲಿ. ಆ ಹತ್ತು ಪರ್ಸೆಂಟು ಇನ್ನೊಂದು ಕಡೆ.

ಕಮಿಷನ್ ತೆಗೆದುಕೊಳ್ಳುವುದೇ ಪಾಪ ಎಂದು ನಾನು ಹೇಳಲಾರೆ. ಅಂಗಡಿಗೆ ವ್ಯಾಪಾರ ತಂದುಕೊಟ್ಟವನಿಗೆ ಅಂಗಡಿಯವನು ಏನಾದರೂ ಕೊಡುವುದು ಲೋಕರೂಢಿ, ಮುಚ್ಚುಮರೆಯಿಲ್ಲದೆ ನಡೆದರೆ ಅದರಲ್ಲಿ ದೋಷವೂ ಕಾಣೆ. ಆದರೆ ನೀವು ‘ಇಲ್ಲಿ ರೇಟು ಕಡಿಮೆ’ ಎಂದಿರಿ. ಸಾಲ ಮಾಡಿ ಮನೆ ಎಬ್ಬಿಸುತ್ತಿರುವವರು ಆ ಮಾತನ್ನು ನಂಬಿ ಬಂದರು. ಆ ಹತ್ತು ಪರ್ಸೆಂಟು ಅಂಗಡಿಯವನ ಜೇಬಿನಿಂದ ಬಂದಂತೆ ಕಂಡರೂ ಅವರ ಬಿಲ್ಲಿನಿಂದಲೇ ಬಂತು, ಅವರಿಗೆ ಸಿಗಬೇಕಿದ್ದ ರಿಯಾಯಿತಿ ನಿಮ್ಮ ಕೈಗೆ ಹೋಯಿತು. ತಪ್ಪು ಇರುವುದು ಇಲ್ಲಿ, ಆ ಮಾತು ಮತ್ತು ಆ ಮರೆಮಾಚುವಿಕೆಯಲ್ಲಿ. ‘ನಾನು ಮಹಾಪಾಪಿ’ ಎಂದು ನೀವು ಭಾನುವಾರ ಅರಿಕೆ ಮಾಡುವುದಕ್ಕಿಂತ ಇದು ಬಹಳ ಚಿಕ್ಕ ಮಾತು, ಆದರೆ ಹೇಳುವುದಕ್ಕೆ ಬಹಳ ಕಷ್ಟದ ಮಾತು.

ನಿಮ್ಮ ಕಸುಬಿನಲ್ಲೇ ನೋಡಿ: ಎಲ್ಲೋ ಶಾರ್ಟ್ ಆಗಿ ಕರೆಂಟು ಹೋದರೆ ‘ಇಡೀ ಮನೆಯ ವೈರಿಂಗೇ ಸರಿಯಿಲ್ಲ’ ಎಂದು ತಲೆಮೇಲೆ ಕೈಹೊತ್ತು ಕೂರುತ್ತೀರಾ? ಒಂದೊಂದೇ ಲೈನ್ ಬಿಡಿಸಿ ಯಾವ ಪಾಯಿಂಟ್ ಎಂದು ಹುಡುಕುತ್ತೀರಿ. ವರ್ಷದಿಂದ ನೀವು ನಿದ್ದೆಗೆಟ್ಟಿದ್ದೀರಿ, ಅಳುಕಿದ್ದೀರಿ, ಉಪವಾಸ ಮಾಡಿದ್ದೀರಿ, ಆದರೆ ಆ ಕಮಿಷನ್ ನಿಲ್ಲಿಸಿದ್ದೇನೆ ಎಂದು ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಹುಡುಕಿ ಓದಿದೆ, ಇಲ್ಲ. ಪಾಪವನ್ನು ಗಂಭೀರವಾಗಿ ತೆಗೆದುಕೊಳ್ಳುವುದೆಂದರೆ ಎಷ್ಟು ಸಂಕಟಪಡುತ್ತೇವೆ ಎಂಬುದಲ್ಲ. ಸಂಕಟವೂ ಕೆಲವೊಮ್ಮೆ ಒಂದು ತಪ್ಪಿಸಿಕೊಳ್ಳುವ ದಾರಿಯೇ.

ನಿಮ್ಮ ಗೆಳೆಯನ ಮಾತಿಗೆ ಬರುತ್ತೇನೆ. ಆತ ಹೇಳಿದ್ದರಲ್ಲಿ ಸುಳ್ಳಿಲ್ಲ, ಅರ್ಧವಿದೆ. ಯೋಹಾನನ ಮೊದಲ ಪತ್ರದಲ್ಲಿ ರಕ್ತ ಶುದ್ಧಿಮಾಡುವ ಮಾತಿನ ಬೆನ್ನಿಗೇ ಪಾಪಗಳನ್ನು ಒಪ್ಪಿಕೊಳ್ಳುವ ಮಾತೂ ಬರುತ್ತದೆ. ಹಿಟ್ಲರನ ಕಾಲದ ಜರ್ಮನಿಯಲ್ಲಿ ಬೊನ್‌ಹೋಫರ್ ಎಂಬ ಸಭಾಪಾಲಕ 1937ರಲ್ಲಿ ಬರೆದ ಶಿಷ್ಯತ್ವದ ಪುಸ್ತಕ ಇಂಥ ಸಮಾಧಾನವನ್ನೇ ಗುರಿಯಾಗಿಸಿಕೊಂಡಿತ್ತು. ಪಶ್ಚಾತ್ತಾಪ ಬೇಡದ ಕ್ಷಮೆ, ಹಿಂಬಾಲಿಸುವಿಕೆ ಕೇಳದ ಕೃಪೆ ಅಗ್ಗದ ಕೃಪೆ ಎಂಬುದು ಆತನ ವಾದ. ಮುಂದೆ ಹಿಟ್ಲರನ ಆಳ್ವಿಕೆ ಅವನನ್ನು ಗಲ್ಲಿಗೇರಿಸಿತು. ಕೃಪೆ ಪುಕ್ಕಟೆ ಸಿಗುತ್ತದೆಂಬುದನ್ನು ಆತ ಅಲ್ಲಗಳೆದವನಲ್ಲ, ಅದನ್ನು ಪಡೆದ ಮನುಷ್ಯ ಹಾಗೆಯೇ ಉಳಿಯಲಾರ ಎಂದವನು.

ಹೆಂಡತಿಯವರ ದಶಮಾಂಶದ ವಾದಕ್ಕೆ ಯಾಜಕಕಾಂಡದ ಆರನೇ ಅಧ್ಯಾಯ ಓದಿ. ನೆರೆಯವನಿಗೆ ಮೋಸಮಾಡಿದವನು ಅಸಲನ್ನು ಹಿಂದಿರುಗಿಸಿ, ಮೇಲೆ ಐದರಲ್ಲೊಂದು ಪಾಲು ಕೂಡಿಸಿ, ಯಾರದ್ದೋ ಅವರಿಗೇ ಕೊಡಬೇಕು ಎಂದಿದೆ. ಬಲಿಯನ್ನು ತರುವುದೂ ಆ ದಿನವೇ. ಲೆಕ್ಕಕ್ಕೆ ಹೇಳುವುದಾದರೆ, ಒಂದು ಮನೆಯಿಂದ ಎಂಟು ಸಾವಿರ ಬಂದಿದ್ದರೆ ಒಂಬತ್ತು ಸಾವಿರದ ಆರುನೂರು. ಆ ಬಲಿಪದ್ಧತಿಯ ಕೆಳಗೆ ನಾವಿಲ್ಲ, ಆ ಐದರ ಒಂದು ಪಾಲು ನಿಮ್ಮ ಮೇಲೆ ಕಾನೂನೂ ಅಲ್ಲ. ಆದರೆ ನೆರೆಯವನಿಗೆ ಸಲ್ಲಬೇಕಾದದ್ದನ್ನು ಕಾಣಿಕೆ ಪೆಟ್ಟಿಗೆಗೆ ಹಾಕಿ ಕೈತೊಳೆದುಕೊಳ್ಳುವ ದಾರಿ ಅಲ್ಲಿಲ್ಲ. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಎಂದ ಯೇಸುಸ್ವಾಮಿಯೂ ಆ ದಾರಿ ತೆರೆಯಲಿಲ್ಲ. ಜಕ್ಕಾಯನಂತೂ ನಾಲ್ಕರಷ್ಟು ಕೊಡುತ್ತೇನೆಂದ, ಅದೂ ಯಾರೂ ಕೇಳದೆ.

ಹೆಂಡತಿಯವರನ್ನು ಮಾತ್ರ ಎದುರಾಳಿ ಮಾಡಿಕೊಳ್ಳಬೇಡಿ. ಆ ಹಣದಲ್ಲೇ ಶಾಲೆಯ ಫೀಜು ಕಟ್ಟಿದವರು, ಸಂಸಾರ ತೂಗಿಸಿದವರು ಅವರು. ಅವರ ಭಯ ನ್ಯಾಯವಾದದ್ದು. ಗಿರಾಕಿಗಳಿಗೆ ಫೋನ್ ಮಾಡುವ ಮೊದಲು ಅವರ ಜೊತೆ ಕೂತು, ತಿಂಗಳಿಗೆ ಎಷ್ಟು ಕಡಿಮೆಯಾಗುತ್ತದೆ, ಎಲ್ಲಿ ಹಿಡಿತ ಮಾಡಬಹುದು ಎಂದು ಲೆಕ್ಕ ಹಾಕಿ.

ಕೆಲಸ ಬಿಡಬೇಕಾಗಿಲ್ಲ. ಲೂಕನ ಮೂರನೇ ಅಧ್ಯಾಯದಲ್ಲಿ ಸುಂಕದವರು ಸ್ನಾನಿಕನಾದ ಯೋಹಾನನ ಹತ್ತಿರ ಬಂದು ಏನು ಮಾಡಬೇಕೆಂದು ಕೇಳುತ್ತಾರೆ. ಅಷ್ಟು ಬಿರುಸಿನ ಮನುಷ್ಯ ಅವರಿಗೆ ಸುಂಕದ ಕಟ್ಟೆ ಬಿಟ್ಟುಬನ್ನಿ ಎನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ, ಅಷ್ಟೇ. ನಿಮಗೂ ಅದೇ. ಈಗ ಚದರಕ್ಕೆ ಇಷ್ಟು ಎಂದು ಕೂಲಿ ಮಾತಾಡುವಾಗ ಕಮಿಷನ್ ಬರುತ್ತದೆಂಬ ಧೈರ್ಯದಲ್ಲಿ ರೇಟು ಇಳಿಸುತ್ತಿದ್ದಿರಬಹುದು. ಇನ್ನು ಮೇಲೆ ಕೂಲಿಯನ್ನು ಬಾಯಿಬಿಟ್ಟು ಹೆಚ್ಚಿಗೆ ಕೇಳಿ, ಅಂಗಡಿಯ ರಿಯಾಯಿತಿಯನ್ನು ಗಿರಾಕಿಗೆ ಬಿಡಿ. ಕೆಲವು ಮನೆಗಳು ಕೈತಪ್ಪುತ್ತವೆ. ತಪ್ಪುವುದಿಲ್ಲ ಎಂದು ನಾನು ಸುಳ್ಳು ಧೈರ್ಯ ಹೇಳಲಾರೆ.

ಹಿಂದಿನದ್ದು? ಇಷ್ಟು ವರ್ಷಗಳ ಬಿಲ್ಲೆಲ್ಲ ಕೆದಕುತ್ತ ಕೂತರೆ ನೀವು ಮತ್ತೆ ಆ ನಿದ್ದೆಯಿಲ್ಲದ ರಾತ್ರಿಗಳಿಗೇ ಹೋಗುತ್ತೀರಿ. ಫೋನಿನಲ್ಲಿ ಬಿಲ್ಲಿನ ಫೋಟೊ, ಮೆಸೇಜು ಸಿಗುವ ಮನೆಗಳಿಂದ ಶುರುಮಾಡಿ. ಹೋಗಿ, ‘ಸಾರ್, ಆ ಅಂಗಡಿಯಿಂದ ನಾನು ಇಷ್ಟು ತಗೊಂಡಿದ್ದೆ, ನಿಮಗೆ ಹೇಳಿರಲಿಲ್ಲ, ಅದು ನಿಮ್ಮದು’ ಎನ್ನಿ. ಅದಕ್ಕಿಂತ ಒಂದು ಮಾತು ಹೆಚ್ಚು ಬೇಡ. ದೇವರು ಮಾತಾಡಿದ ಕಥೆ ಅವರು ಕೇಳಿದರೆ ಹೇಳಿ, ಕೇಳದಿದ್ದರೆ ಬಿಡಿ. ಒಮ್ಮೆಗೇ ಆಗದಿದ್ದರೆ ಕಂತಿನಲ್ಲಿ ಕೊಡಿ. ಕೆಲವರು ನಕ್ಕು ಬೇಡವೆನ್ನುತ್ತಾರೆ, ಒಬ್ಬಿಬ್ಬರು ಬೈಯುತ್ತಾರೆ. ಬೈಯುವ ಹಕ್ಕು ಅವರಿಗಿದೆ. ಯಾರೆಂದು ಪತ್ತೆಯೇ ಸಿಗದವರ ಪಾಲನ್ನು ಬಡವರಿಗೆ ಕೊಡಿ. ಅರಣ್ಯಕಾಂಡದ ಐದನೇ ಅಧ್ಯಾಯದಲ್ಲಿ, ತೆಗೆದುಕೊಳ್ಳುವ ಹತ್ತಿರದ ಸಂಬಂಧಿಕನೂ ಇಲ್ಲದಿದ್ದರೆ ಆ ಹಣ ಕರ್ತನ ಪಾಲಾಗಿ ಯಾಜಕನಿಗೆ ಸೇರಲಿ ಎಂದಿದೆ. ಅಂತೂ ಅದು ಮೋಸಮಾಡಿದವನ ಹತ್ತಿರ ಉಳಿಯುವುದಿಲ್ಲ.

ಸಭೆಯ ಮುಂದೆ ಸಾಕ್ಷಿ? ಬೇಡ. ನೀವು ಎದ್ದುನಿಂತು ಅತ್ತರೆ ಸಭೆಯವರು ಕಣ್ಣೊರೆಸಿಕೊಂಡು ‘ಎಂಥ ಪ್ರಾಮಾಣಿಕ ಮನುಷ್ಯ’ ಎನ್ನುತ್ತಾರೆ. ವೈರಿಗೆ ಹೆಚ್ಚು ದುಡ್ಡು ಕೊಟ್ಟವರು ಆ ಬೆಂಚುಗಳಲ್ಲಿ ಇರುವುದಿಲ್ಲ. ಹೆಸರು ನಿಮಗೆ ಬಂತು, ಹಣ ಅವರಿಗೆ ಹೋಗಲಿಲ್ಲ. ಇಂಥ ಸಾಕ್ಷಿಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ, ಈಚೆಗೆ ನನಗೆ ಅವು ರುಚಿಸುವುದಿಲ್ಲ. ಬದಲಿಗೆ ನಿಮ್ಮ ಅಯ್ಯನವರ ಹತ್ತಿರ ಒಬ್ಬರೇ ಹೋಗಿ, ಮೊತ್ತದ ಸಮೇತ ಹೇಳಿ. ಸಮಿತಿಯ ಜಾಗ ಬಿಡಬೇಕೇ ಎಂಬುದನ್ನು ಅವರ ತೀರ್ಮಾನಕ್ಕೆ ಬಿಡಿ. ಜಾನ್ ವೆಸ್ಲಿ 1738ರಲ್ಲಿ ತನ್ನ ಜನರ ಚಿಕ್ಕ ಗುಂಪುಗಳಿಗೆ ನಿಯಮ ಬರೆದಾಗ, ಹಿಂದಿನ ಸಲ ಕೂಡಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು ಎಂಬುದನ್ನು ಪ್ರತಿ ಸಲವೂ ಕೇಳುವ ಪ್ರಶ್ನೆಯಾಗಿಟ್ಟ. ವಾರಕ್ಕೊಮ್ಮೆ ಹೀಗೆ ಕೇಳುವ ಒಬ್ಬ ಮನುಷ್ಯ ನಿಮಗೂ ಬೇಕು. ಅಯ್ಯನವರು ಆಗದಿದ್ದರೆ ಬಾಯಿಬಿಗಿಯಿರುವ ಒಬ್ಬ ಹಿರಿಯರು ಸಾಕು.

ಇನ್ನು ಕ್ರಿಕೆಟ್ಟು, ತೂಕಡಿಕೆ. ಮಾರ್ಟಿನ್ ಲೂಥರ್ 1505ರಲ್ಲಿ ಎರ್‌ಫರ್ಟಿನ ಮಠ ಸೇರಿದ ಮೇಲೆ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ. ಅವನ ಹಿರಿಯ ಸ್ಟೌಪಿಟ್ಸ್ ಬೇಸತ್ತು, ಈ ಸಣ್ಣಪುಟ್ಟದ್ದನ್ನೆಲ್ಲ ಹೊತ್ತು ತರಬೇಡ, ನಿಜವಾದ ಪಾಪವಿದ್ದರೆ ತಾ ಎಂಬರ್ಥದಲ್ಲಿ ಗದರಿದನಂತೆ. ವಿಶ್ವಾಸಿಯ ಬದುಕೆಲ್ಲವೂ ಪಶ್ಚಾತ್ತಾಪದ್ದಾಗಿರಬೇಕು ಎಂಬರ್ಥದ ಮಾತನ್ನು 1517ರ ತನ್ನ ತೊಂಬತ್ತೈದು ವಾದಗಳಲ್ಲಿ ಮೊದಲನೆಯದಾಗಿಟ್ಟವನೂ ಇದೇ ಲೂಥರ್. ನಿಮಗೊಂದು ಪರೀಕ್ಷೆ ಹೇಳುತ್ತೇನೆ. ಮನಸ್ಸು ಚುಚ್ಚಿದಾಗ, ಯಾರಿಗೆ ಏನು ತಪ್ಪಾಯಿತು, ಈಗ ಏನು ಮಾಡಬೇಕು ಎಂದು ಕೇಳಿಕೊಳ್ಳಿ. ಉತ್ತರವಿದ್ದರೆ ಎದ್ದು ಅದನ್ನು ಮಾಡಿ. ಉತ್ತರವೇ ಇಲ್ಲದೆ ಬರೀ ಹೆದರಿಕೆ ಉಳಿದರೆ ಅದನ್ನು ಪವಿತ್ರಾತ್ಮನ ತಲೆಗೆ ಕಟ್ಟಬೇಡಿ. ಗಿರಾಕಿಗಳ ಲೆಕ್ಕ ಶುರುವಾದ ಮೇಲೂ ಎರಡು ತಿಂಗಳು ಇದೇ ನಿದ್ದೆಗೇಡು, ಇದೇ ಹೆದರಿಕೆ ಮುಂದುವರಿದರೆ ಮನೋವೈದ್ಯರನ್ನು ನೋಡಿ. ವಿಶ್ವಾಸ ಕಡಿಮೆಯಾಯಿತೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮಗನಿಗೆ ಖಂಡಿತ ತಿಳಿಸಿ, ಆದರೆ ಉಪದೇಶ ಮಾಡಬೇಡಿ. ಅಂಗಡಿಯವರಿಗೆ ‘ಇನ್ನು ಮೇಲೆ ಬಿಲ್ಲು ಗಿರಾಕಿಯ ಹೆಸರಿನಲ್ಲೇ ಆಗಲಿ, ನನಗೆ ಕೊಡುತ್ತಿದ್ದದ್ದನ್ನು ಬಿಲ್ಲಿನಲ್ಲೇ ಡಿಸ್ಕೌಂಟ್ ಎಂದು ಬರೆಯಿರಿ’ ಎಂದು ಹೇಳಲು ಹೋಗುವ ದಿನ ಅವನನ್ನೂ ಕರೆದುಕೊಂಡು ಹೋಗಿ. ಅಂಗಡಿಯವರು ಒಪ್ಪದಿದ್ದರೆ ಬೇರೆ ಅಂಗಡಿಗಳಲ್ಲಿ ರೇಟು ವಿಚಾರಿಸಿ ಬರುವ ಕೆಲಸವನ್ನು ಅವನಿಗೇ ಒಪ್ಪಿಸಿ.