ಅಲೆಯ ಮೇಲೆ ಸೋಲಾರ್: ಸಲ್ವಾದ ಕಡಲಿನಲ್ಲಿ ಫಲಕ ತೇಲಿಸಿದರೆ ಏನಾಗುತ್ತದೆ?

ಇವತ್ತು ಕುವೈತ್‌ನ ಸಲ್ವಾದಿಂದ ಮಾತಾಡ್ತಾ ಇದ್ದೀನಿ. ಮನೆಯಿಂದ ಸ್ವಲ್ಪ ದೂರ ನಡೆದರೆ ಕಡಲು. 2024ರ ಜೂನ್‌ನಲ್ಲಿ ಸೆಖೆ ಏರಿ, ಇಲ್ಲಿನ ಕೆಲವು ಪ್ರದೇಶಗಳಲ್ಲಿ ಸರದಿ ಪ್ರಕಾರ ಕರೆಂಟ್ ತೆಗೆದರು. ಊರಲ್ಲಿ ಲೋಡ್ ಶೆಡ್ಡಿಂಗ್ ನೋಡಿ ಬೆಳೆದವರು ನಾವು. ಆದರೆ ಹೊರಗೆ 48 ಡಿಗ್ರಿ ಇರುವಾಗ ಏಸಿ ನಿಂತರೆ, ಅದರ ಕಥೆಯೇ ಬೇರೆ. ಆಗಿನಿಂದ ಒಂದು ಪ್ರಶ್ನೆ ಕಿವಿಗೆ ಬೀಳ್ತಾನೇ ಇದೆ: ಬಿಸಿಲು ಬೇಕಾದಷ್ಟಿದೆ, ಎದುರಿಗೆ ಕಡಲಿದೆ, ನೀರಿನ ಮೇಲೆ ಸೋಲಾರ್ ತೇಲಿಸಬಹುದಲ್ಲ?

ತೇಲಿಸಬಹುದು. ಹಾಗೆ ತೇಲಿಸಿದ್ದಾರೆ ಕೂಡ. ತೆಲಂಗಾಣದ ರಾಮಗುಂಡಂನಲ್ಲಿ 100 ಮೆಗಾವ್ಯಾಟ್‌ನ ತೇಲುವ ಸ್ಥಾವರ 2022ರಿಂದ ಪೂರ್ಣವಾಗಿ ನಡೆಯುತ್ತಿದೆ. ಇದರಲ್ಲಿ ಲಾಭವೂ ಇದೆ. ಸೋಲಾರ್ ಫಲಕದ ಬಿಸಿ 25 ಡಿಗ್ರಿ ದಾಟಿದ ಮೇಲೆ, ಏರುವ ಪ್ರತಿ ಡಿಗ್ರಿಗೂ ಸುಮಾರು ಶೇಕಡಾ 0.3ರಿಂದ 0.4ರಷ್ಟು ವಿದ್ಯುತ್ ಕಡಿಮೆಯಾಗುತ್ತದೆ. ನೀರಿನ ಹತ್ತಿರವಿದ್ದರೆ ಫಲಕ ತುಸು ತಂಪಾಗಿರುತ್ತದೆ. ಆದರೆ ರಾಮಗುಂಡಂನದ್ದು ಜಲಾಶಯ, ನಮ್ಮೆದುರಿಗಿರುವುದು ಸಮುದ್ರ. ಇವೆರಡರ ನಡುವಿನ ವ್ಯತ್ಯಾಸವನ್ನು ಒಂದೇ ಪದದಲ್ಲಿ ಹೇಳಬಹುದು: ಅಲೆ.

ಮೊದಲು ಅಲೆ ಅಂದರೇನು ನೋಡೋಣ. ಅಲೆ ಬಂತು ಅಂದರೆ ನೀರು ಬಂತು ಅಂತಲ್ಲ. ಮಲ್ಪೆಯ ದಡದಿಂದ ಸ್ವಲ್ಪ ಆಚೆ ತೇಲುವ ತೆಂಗಿನಕಾಯಿಯನ್ನು ಗಮನಿಸಿ. ಅಲೆ ಬಂದಾಗ ಮೇಲೇಳುತ್ತದೆ, ಸ್ವಲ್ಪ ಮುಂದೆ ಹೋಗುತ್ತದೆ, ಇಳಿಯುತ್ತದೆ, ಹಿಂದೆ ಸರಿಯುತ್ತದೆ. ಹೆಚ್ಚುಕಮ್ಮಿ ಇದ್ದಲ್ಲೇ ಒಂದು ಸುತ್ತು ಹೊಡೆಯುತ್ತದೆ. ಮುಂದೆ ಸಾಗುವುದು ಶಕ್ತಿ, ನೀರಲ್ಲ.

ಈಗ ಒಂದು ಸಣ್ಣ ಲೆಕ್ಕ. ಎರಡು ಅಲೆಗಳ ತುದಿಗಳು ನಿಮ್ಮನ್ನು ದಾಟುವ ನಡುವೆ ಎಷ್ಟು ಸೆಕೆಂಡು ಎಂದು ಎಣಿಸಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.56ರಿಂದ ಗುಣಿಸಿ. ಆಳವಾದ ನೀರಿನಲ್ಲಿ ಅಲೆಯ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. 4 ಸೆಕೆಂಡಿನ ಅಲೆ ಸುಮಾರು 25 ಮೀಟರ್ ಉದ್ದ. 10 ಸೆಕೆಂಡಿನದ್ದು ಸುಮಾರು 156 ಮೀಟರ್.

ಈ ಉದ್ದ ಯಾಕೆ ಮುಖ್ಯ? ತೇಲುವ ತೆಪ್ಪ ಹೇಗೆ ವರ್ತಿಸುತ್ತದೆ ಎನ್ನುವುದು ಅಲೆಯ ಎತ್ತರದಷ್ಟೇ ಅದರ ಉದ್ದವನ್ನೂ ಅವಲಂಬಿಸಿದೆ. ತೆಪ್ಪ ಅಲೆಗಿಂತ ತೀರಾ ಚಿಕ್ಕದಾಗಿದ್ದರೆ ತೆಂಗಿನಕಾಯಿಯಂತೆ ಅಲೆಯ ಜತೆಗೇ ಏರಿಳಿಯುತ್ತದೆ. ತೀರಾ ದೊಡ್ಡದಾಗಿದ್ದರೆ ಒಂದೇ ಸಲ ಹಲವು ಅಲೆಗಳ ಮೇಲೆ ಕೂತಿರುತ್ತದೆ. ಒಂದು ಕಡೆ ಎತ್ತುವುದೂ ಇನ್ನೊಂದು ಕಡೆ ಇಳಿಸುವುದೂ ಸರಿಹೋಗಿ, ಹೆಚ್ಚು ಅಲುಗಾಡುವುದಿಲ್ಲ. ಕಷ್ಟ ಇರುವುದು ಎರಡೂ ಉದ್ದ ಹತ್ತಿರ ಹತ್ತಿರ ಇದ್ದಾಗ. ಅಲೆಯ ತುದಿ ನಡುವೆ ಬಂದರೆ ತೆಪ್ಪದ ಎರಡು ಕೊನೆಗಳೂ ಜೋತು ಬೀಳುತ್ತವೆ. ಮರುಕ್ಷಣ ಎರಡು ತುದಿಗಳು ಎರಡು ಕೊನೆಗಳಿಗೆ ಬಂದು, ನಡು ಕುಸಿಯುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆ.

ಅದಕ್ಕೇ ಕೊಲ್ಲಿಯ ಗಿಡ್ಡ ಅಲೆಗಳನ್ನು ಹಗುರವಾಗಿ ನೋಡಬಾರದು. ಈ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಅಷ್ಟೇ. ಅರಬ್ಬೀ ಸಮುದ್ರದ ಮಳೆಗಾಲದ ಉದ್ದುದ್ದ ಅಲೆಗಳು ಇಲ್ಲಿ ಕಡಿಮೆ. ಇಲ್ಲಿನವು ಗಾಳಿ ಎಬ್ಬಿಸಿದ, ಕೆಲವೇ ಸೆಕೆಂಡಿನ, ಕಡಿದಾದ ಅಲೆಗಳು. ಉದ್ದದಲ್ಲಿ ಅವು ತೆಪ್ಪಗಳಿಗೆ ಸರಿಸಮ. 4 ಸೆಕೆಂಡಿಗೊಂದು ಅಂದುಕೊಂಡರೆ ದಿನಕ್ಕೆ 21,600 ಅಲೆ. ಫಲಕದ ಆಯುಷ್ಯ 25 ವರ್ಷ ಅಂದರೆ ಸುಮಾರು 19.7 ಕೋಟಿ ಸಲ ಕೀಲುಗಳು ಬಾಗಬೇಕು. ಒಂದೊಂದು ಅಲೆ ಏನೂ ಮಾಡದಿರಬಹುದು. ಆದರೆ ಕೋಟಿಗಟ್ಟಲೆ ಸಲ ಬಾಗಿದರೆ ಪ್ಲಾಸ್ಟಿಕ್ಕೂ ದಣಿಯುತ್ತದೆ, ಉಕ್ಕೂ ದಣಿಯುತ್ತದೆ.

ಇನ್ನೊಂದು ಅನುಮಾನ ಬರುತ್ತದೆ: ಫಲಕ ಓಲಾಡಿದರೆ ಬಿಸಿಲು ತಪ್ಪಿಹೋಗಲ್ವಾ? ಆಶ್ಚರ್ಯ ಅಂದರೆ, 10 ಡಿಗ್ರಿ ಆಚೀಚೆ ಓಲಾಡಿದರೂ ಒಂದು ಫಲಕದ ಸರಾಸರಿ ನಷ್ಟ ಶೇಕಡಾ ಒಂದರಷ್ಟೂ ಇಲ್ಲ. ಒಮ್ಮೆ ಸೂರ್ಯನಿಂದ ದೂರ ವಾಲಿದ್ದನ್ನು ಮತ್ತೊಮ್ಮೆ ಹತ್ತಿರ ವಾಲಿ ತುಂಬಿಕೊಳ್ಳುತ್ತದೆ. ತೊಂದರೆ ಇರುವುದು ಸಾಲಿನಲ್ಲಿ. ಒಂದರ ಹಿಂದೆ ಒಂದು ಜೋಡಿಸಿದ ಫಲಕಗಳಲ್ಲಿ ಒಂದೇ ವಿದ್ಯುತ್ ಪ್ರವಾಹ ಹರಿಯಬೇಕು. ಕೈ ಹಿಡಿದು ನಡೆಯುವ ಮಕ್ಕಳ ಸಾಲಿನಲ್ಲಿ ಎಲ್ಲರೂ ನಿಧಾನದವನ ವೇಗಕ್ಕೆ ಬರುತ್ತಾರೆ. ಹಾಗೆಯೇ ಕಡಿಮೆ ಬಿಸಿಲು ಬಿದ್ದ ಫಲಕ ಇಡೀ ಸಾಲನ್ನು ತಡೆಯುತ್ತದೆ. ಆದ್ದರಿಂದ ಒಟ್ಟಿಗೆ ವಾಲುವ ಫಲಕಗಳನ್ನೇ ಒಂದು ಸಾಲಿಗೆ ಸೇರಿಸುವುದು ಜಾಣತನ.

ಮುಂದೆ ಲಂಗರು. ಜಪಾನಿನ ಚೀಬಾದಲ್ಲಿ ಯಾಮಾಕುರಾ ಅಣೆಕಟ್ಟಿನ ಜಲಾಶಯದ ಮೇಲೆ 13.7 ಮೆಗಾವ್ಯಾಟ್‌ನ ತೇಲುವ ಸ್ಥಾವರ ಇತ್ತು. 2019ರ ಸೆಪ್ಟೆಂಬರ್ 9ರಂದು ಫಕ್ಸಾಯ್ ಚಂಡಮಾರುತ ಬಂತು. ಲಂಗರುಗಳು ಕಿತ್ತುಬಂದವು, ಫಲಕಗಳು ಒಂದರ ಮೇಲೊಂದು ರಾಶಿ ಬಿದ್ದವು, ಬೆಂಕಿ ಹತ್ತಿಕೊಂಡಿತು. ನೀರಿನ ಮೇಲೆ ಬೆಂಕಿ! ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಒಂದು ಲಂಗರು ಸೋತರೆ ಅದರ ಭಾರ ಪಕ್ಕದ್ದರ ಮೇಲೆ ಬೀಳುತ್ತದೆ. ಅದೂ ಸೋತರೆ ಮುಂದಿನದ್ದಕ್ಕೆ. ಜಲಾಶಯದಲ್ಲೇ ಹೀಗಾದರೆ, ಭರತ ಇಳಿತ ಇರುವ ಕಡಲಿನಲ್ಲಿ ಇನ್ನೂ ಕಷ್ಟ. ಹಗ್ಗ ಬಿಗಿಯಿದ್ದರೆ ಭರತದಲ್ಲಿ ಹರಿಯುತ್ತದೆ, ಸಡಿಲವಿದ್ದರೆ ಇಳಿತದಲ್ಲಿ ತೆಪ್ಪ ಅಲೆದಾಡುತ್ತದೆ. ಭಾರದ ಸರಪಳಿಯ ಒಂದಷ್ಟು ಭಾಗವನ್ನು ತಳದಲ್ಲಿ ಮಲಗಿಸಿಡುವುದು ಹಳೆಯ ಉಪಾಯ. ಎಳೆದಾಗ ಅದು ನಿಧಾನಕ್ಕೆ ಮೇಲೇಳುತ್ತದೆ. ಅದರ ತೂಕವೇ ಸ್ಪ್ರಿಂಗ್ ಆಗುತ್ತದೆ.

ಹಾಗಾದರೆ ಸಲ್ವಾದಲ್ಲಿ? ನಮಗೆ ಕಡಲು ಪೂರ್ವಕ್ಕೆ. ಧೂಳು ಹೊತ್ತು ತರುವ ಶಮಾಲ್ ಗಾಳಿ ವಾಯವ್ಯದಿಂದ, ಅಂದರೆ ನೆಲದ ಕಡೆಯಿಂದ ಬೀಸುತ್ತದೆ. ಅಲೆ ಬೆಳೆಯಲು ಗಾಳಿಗೆ ನೀರಿನ ಮೇಲೆ ಓಡುವ ದೂರ ಬೇಕು. ದಡದ ಹತ್ತಿರ ಶಮಾಲ್‌ಗೆ ಆ ದೂರ ಸಿಗುವುದಿಲ್ಲ. ಆಗ್ನೇಯದ ಗಾಳಿಗೆ ಮಾತ್ರ ಕೊಲ್ಲಿಯ ನೂರಾರು ಕಿಲೋಮೀಟರ್ ಬಯಲಾಗಿ ಸಿಗುತ್ತದೆ. ಹೀಗಾಗಿ ಧೂಳೆಬ್ಬಿಸುವ ಗಾಳಿ ಒಂದು, ಲಂಗರನ್ನು ಪರೀಕ್ಷಿಸುವ ಗಾಳಿ ಇನ್ನೊಂದು. ಒಂದನ್ನೇ ನೋಡಿ ಲೆಕ್ಕ ಹಾಕಿದವರು ಮೋಸ ಹೋಗುತ್ತಾರೆ.

ಮನೆಯಲ್ಲೇ ಮಕ್ಕಳ ಜತೆ ಪರೀಕ್ಷೆ ಮಾಡಿ. ದೊಡ್ಡ ಟಬ್ಬಿನಲ್ಲಿ ನೀರು ತುಂಬಿ. ಒಂದು ಕಡೆ ಉದ್ದನೆಯ ಥರ್ಮೋಕೋಲ್ ಪಟ್ಟಿ, ಇನ್ನೊಂದು ಕಡೆ ದಾರದಿಂದ ಜೋಡಿಸಿದ ಬಾಟಲಿ ಮುಚ್ಚಳಗಳು. ಕೈಯಿಂದ ಅಲೆ ಎಬ್ಬಿಸಿ. ಮುಚ್ಚಳಗಳು ಅಲೆಯ ಆಕಾರಕ್ಕೆ ಬಾಗುತ್ತವೆ, ಪಟ್ಟಿ ಸೆಟೆದು ನಿಲ್ಲುತ್ತದೆ. ಈಗ ದಾರದ ಗಂಟುಗಳನ್ನು ನೋಡಿ. ಬಾಗುವುದೆಲ್ಲ ಅಲ್ಲೇ, ಸವೆಯುವುದೂ ಅಲ್ಲೇ.

ಗಲ್ಫಿನಲ್ಲಿ ವೆಲ್ಡಿಂಗ್, ಎಲೆಕ್ಟ್ರಿಕಲ್, ಮೇಂಟೆನೆನ್ಸ್ ಕೆಲಸದಲ್ಲಿರುವ ಕನ್ನಡಿಗರು ಎಷ್ಟೋ ಜನ ಇದ್ದಾರೆ. ನಾಳೆ ಇಂಥ ತೆಪ್ಪದ ಮೇಲೆ ನಿಂತು ಕೆಲಸ ಮಾಡುವವರು ನಮ್ಮವರೇ ಆಗಿರಬಹುದು. ಎಷ್ಟು ಮೆಗಾವ್ಯಾಟ್ ಅಂತ ಎಲ್ಲರೂ ಕೇಳ್ತಾರೆ. ನೀವು ಇನ್ನೆರಡು ಪ್ರಶ್ನೆ ಸೇರಿಸಿ: ಕೀಲುಗಳನ್ನು ಎಷ್ಟು ದಿನಕ್ಕೊಮ್ಮೆ ನೋಡ್ತೀರಿ? ಒಂದು ಲಂಗರು ಹೋದರೆ ಉಳಿದವು ತಡೆಯುತ್ತವಾ? ಉತ್ತರ ಸಿಕ್ಕ ಮೇಲೆ ಹತ್ತಿ.