ಕಾರ್ಬನ್ ಹಾಳೆಯ ಅಕ್ಷರ

ಚಿ. ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನಗೊಬ್ಬನಿಗೇ ಬರೆದು ಸುಮ್ಮನಾಗಬಹುದಿತ್ತು. ಆದರೆ ನಿನ್ನ ಹಾಗೆ ನೋಟಿಸ್ ಪೀರಿಯಡ್‌ನಲ್ಲಿರುವ ಮಕ್ಕಳು ಎಷ್ಟೋ ಮನೆಗಳಲ್ಲಿದ್ದಾರೆ. ಅವರೂ ಓದಲಿ ಅಂತ ಪತ್ರಿಕೆಗೇ ಕೊಡುತ್ತಿದ್ದೇನೆ. ಹೆಸರು ಹಾಕಿಲ್ಲ, ಹೆದರಬೇಡ.

ಮೊನ್ನೆ ಸತ್ಯನಾರಾಯಣ ಪೂಜೆಯ ಊಟಕ್ಕೆ ಕೂತಾಗ ನೀನು ನಿಮ್ಮಪ್ಪನಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಗಿರಾಕಿಗಳ ಪಟ್ಟಿ, ಅವರ ಮೊಬೈಲ್ ನಂಬರು, ಯಾರಿಗೆ ಎಷ್ಟು ರೇಟು, ಎಲ್ಲ ಸ್ವಂತ ಮೇಲ್‌ಗೆ ಕಳಿಸಿಕೊಂಡಾಯಿತು ಅಂದೆ. ‘ನಾನೇ ಮಾಡಿದ ಎಕ್ಸೆಲ್ ತಾನೇ’ ಅಂತಲೂ ಅಂದೆ. ಆಮೇಲೆ ಎಲೆಯಲ್ಲಿದ್ದ ಪಾಯಸ ನನಗೆ ಇಳಿಯಲಿಲ್ಲ.

1983ರಲ್ಲಿ ನಾನು ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್. ಟೆಂಡರ್ ಬಂದರೆ ಕೊಟೇಷನ್ ಟೈಪ್ ಮಾಡುವುದು ನಾನೇ. ಬಿಳಿ ಹಾಳೆ, ಕಾರ್ಬನ್, ತೆಳು ಹಾಳೆ, ಮತ್ತೆ ಕಾರ್ಬನ್, ಮತ್ತೆ ತೆಳು ಹಾಳೆ. ಜೋರಾಗಿ ಕುಟ್ಟದಿದ್ದರೆ ಕೊನೆಯ ಪ್ರತಿ ಮೂಡುತ್ತಿರಲಿಲ್ಲ. ರೇಟು ಟೈಪ್ ಮಾಡಿದ ಕಾರ್ಬನ್ನನ್ನು ಅವತ್ತೇ ಸುಡಬೇಕು ಅಂತ ಮಾಲೀಕರ ಕಟ್ಟಪ್ಪಣೆ. ಯಾಕೆಂದರೆ ಹೊಸ ಕಾರ್ಬನ್ ಮೇಲೆ ಒಂದೇ ಸಲ ಟೈಪ್ ಮಾಡಿ ಕಿಟಕಿಗೆ ಹಿಡಿದರೆ, ಅಕ್ಷರ ಬಿದ್ದ ಕಡೆ ಮಸಿ ಎದ್ದುಹೋಗಿ ಬೆಳಕು ತೂರುತ್ತದೆ. ರೇಟು, ಒಟ್ಟು ಮೊತ್ತ, ಎಲ್ಲ ಸಲೀಸಾಗಿ ಓದಬಹುದು.

ಒಂದು ಸಂಜೆ ಬಸ್ ತಪ್ಪುತ್ತದೆ ಅಂತ ಕಾರ್ಬನ್ನುಗಳನ್ನು ಮುದುರಿ ಕಸದ ಬುಟ್ಟಿಗೆ ಹಾಕಿ ಓಡಿದೆ. ಟೆಂಡರ್ ತೆರೆದ ದಿನ ನೋಡಿದರೆ, ಪಕ್ಕದ ರಸ್ತೆಯವರ ರೇಟು ನಮ್ಮದಕ್ಕಿಂತ ಪೀಸಿಗೆ 25 ಪೈಸೆ ಕಮ್ಮಿ. ಆರ್ಡರ್ ಹೋಯಿತು. ಅದನ್ನೇ ನಂಬಿದ್ದ ರಾತ್ರಿ ಪಾಳಿ ನಿಂತಿತು. ಬುಟ್ಟಿ ಖಾಲಿ ಮಾಡುತ್ತಿದ್ದ ಅಟೆಂಡರ್ ಹುಡುಗನ ಮೇಲೆ ಎಲ್ಲರಿಗೂ ಅನುಮಾನ. ‘ಕಾರ್ಬನ್ ಸುಟ್ಟೆಯೇನಮ್ಮ?’ ಅಂತ ಮಾಲೀಕರು ಕೇಳಿದಾಗ ನಾನು ಹೂಂ ಅಂದೆ. ಆ ವಾರವೇ ಅವನನ್ನು ಕೆಲಸದಿಂದ ತೆಗೆದರು. ಟಿಫಿನ್ ಕ್ಯಾರಿಯರನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಅವನು ಗೇಟು ದಾಟಿದ್ದನ್ನು ಟೈಪ್‌ರೈಟರ್ ಮುಂದೆ ಕೂತೇ ನೋಡಿದೆ. ಗುಟ್ಟು ಆ ಬುಟ್ಟಿಯಿಂದಲೇ ಹೋಯಿತೋ ಬೇರೆ ದಾರಿಯಲ್ಲೋ, ಇವತ್ತಿಗೂ ಗೊತ್ತಿಲ್ಲ. ನಾನು ಸುಳ್ಳು ಹೇಳಿದ್ದಂತೂ ಗೊತ್ತು.

ನಿನ್ನ ಪಟ್ಟಿ ನಾಳೆ ಹೊರಗೆ ಬಿದ್ದರೂ ಅನುಮಾನ ಮೊದಲು ಬೀಳುವುದು ಅಲ್ಲೇ ಉಳಿದಿರುವ ಪಕ್ಕದ ಸೀಟಿನವನ ಮೇಲೆ.

ಇಟ್ಟುಕೊಳ್ಳುವುದೋ ಬಿಡುವುದೋ, ತೀರ್ಮಾನ ನಿನ್ನದು. ನಿನ್ನ ಮಾತಿನಲ್ಲಿ ಹುರುಳೇ ಇಲ್ಲ ಅನ್ನುವುದಿಲ್ಲ. ನಾಲ್ಕು ವರ್ಷ ಬಿಸಿಲಲ್ಲಿ ಅಲೆದು ಗಿರಾಕಿ ಹಿಡಿದವನು ನೀನು. ಅವರೊಡನೆ ಮಾತಾಡುವ ಹದ, ವ್ಯಾಪಾರದ ಕಣ್ಣು, ಅದೆಲ್ಲ ನಿನ್ನದೇ. ಧಾರಾಳವಾಗಿ ತೆಗೆದುಕೊಂಡು ಹೋಗು. ಪಟ್ಟಿ ಹಾಗಲ್ಲ. ತಾನೇ ಹೊಲಿದದ್ದು ಅಂತ ದರ್ಜಿ ಗಿರಾಕಿಯ ಅಂಗಿ ತೊಟ್ಟುಕೊಂಡು ಹೋಗುತ್ತಾನೇನೋ?

‘ಎಲ್ಲರೂ ಮಾಡ್ತಾರೆ ಅತ್ತೆ’ ಅಂತ ಮಾತ್ರ ನನ್ನೆದುರು ಅನ್ನಬೇಡ. ಅಮೆರಿಕದಲ್ಲಿ ಆಂಥೊನಿ ಲೆವಾಂಡೋವ್‌ಸ್ಕಿ ಅಂತ ದೊಡ್ಡ ಎಂಜಿನಿಯರ್. ಗೂಗಲ್‌ನ ಚಾಲಕರಹಿತ ಕಾರಿನ ತಂಡ ಬಿಡುವ ಮೊದಲು ಸುಮಾರು 14,000 ಫೈಲು ಇಳಿಸಿಕೊಂಡ ಅಂತ ಆರೋಪ ಬಂತು. ವ್ಯಾಪಾರದ ಗುಟ್ಟು ಕದ್ದ ತಪ್ಪನ್ನು ಒಪ್ಪಿಕೊಂಡ ಮೇಲೆ 2020ರಲ್ಲಿ 18 ತಿಂಗಳ ಜೈಲು ವಿಧಿಸಿದರು. ಆಮೇಲೆ ಅಧ್ಯಕ್ಷರ ಕ್ಷಮಾದಾನ ಸಿಕ್ಕಿ ಪಾರಾದ. ನಿನಗೆ ಯಾವ ಅಧ್ಯಕ್ಷರು ಬರುತ್ತಾರೆ? ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೂ, ಅಪ್ಪಣೆಯಿಲ್ಲದೆ, ಅಪ್ರಾಮಾಣಿಕವಾಗಿ ಡೇಟಾ ನಕಲು ಮಾಡಿಕೊಂಡರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇದೆ. ಜನರ ವೈಯಕ್ತಿಕ ವಿವರ ಕಾಪಾಡಲಾಗದ ಕಂಪನಿಗೆ 250 ಕೋಟಿ ರೂಪಾಯಿಯವರೆಗೆ ದಂಡ ಹಾಕಲು 2023ರ ಕಾಯ್ದೆ ಅವಕಾಶ ಕೊಟ್ಟಿದೆ. ನಾಲ್ಕು ವರ್ಷ ಅನ್ನ ಕೊಟ್ಟವರ ಕೊರಳಿಗೆ ಇದನ್ನು ಕಟ್ಟಿ ಹೋಗುತ್ತೀಯಾ? ಇಷ್ಟು ಓದಿಸಿದ್ದು ಇದಕ್ಕೇನೋ?

ಜೋರು ಮಾಡಿಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಪ್ಪ. ಹೊಸ ಜಾಗಕ್ಕೆ ಬರಿಗೈಯಲ್ಲಿ ಹೋಗಬೇಕಲ್ಲ ಅನ್ನುವ ಅಳುಕಿಗೆ ಹೀಗೆ ಮಾಡಿದ್ದೀಯ, ನನಗೆ ಅರ್ಥವಾಗುತ್ತದೆ.

ಪಟ್ಟಿ ಬಿಡುವುದಾದರೆ ಗುಟ್ಟಾಗಿ ಅಳಿಸಿ ಕೈತೊಳೆದುಕೊಳ್ಳಬೇಡ. ಕಳಿಸಿದ ಗುರುತು ಅವರ ಸರ್ವರಿನಲ್ಲಿ ಇದ್ದೇ ಇರುತ್ತದೆ, ಅಳಿಸಿದ್ದೇ ಇನ್ನೊಂದು ಅನುಮಾನವಾದೀತು. ನಿನ್ನ ಮ್ಯಾನೇಜರಿಗೆ ನಾಲ್ಕು ಸಾಲು ಬರೆ: ಇಂಥ ಫೈಲು ನನ್ನ ಮೇಲ್‌ನಲ್ಲಿದೆ, ಕಳಿಸಿಕೊಂಡಿದ್ದು ತಪ್ಪಾಯಿತು, ಯಾರಿಗೂ ಕೊಟ್ಟಿಲ್ಲ, ನಿಮ್ಮ ಐಟಿಯವರ ಎದುರೇ ಅಳಿಸುತ್ತೇನೆ. ವಾಟ್ಸಾಪ್‌ನಲ್ಲಿ ರೇಟಿನ ಫೋಟೋಗಳಿದ್ದರೆ ಅವನ್ನೂ ಮರೆಯದೆ ಹೇಳು. ಅವರು ಸಿಟ್ಟಾಗಬಹುದು, ರಿಲೀವಿಂಗ್ ಲೆಟರ್ ನಾಲ್ಕು ದಿನ ತಡವಾಗಬಹುದು. ಆಗಲಿ. ಸಂಬಳದ ಚೀಟಿ, ಫಾರಂ 16 ನಿನ್ನವು, ಕೇಳಿ ತೆಗೆದುಕೋ.

ಆ ಅಟೆಂಡರ್ ಹುಡುಗನ ಊರು ಮಾಗಡಿ ಕಡೆ ಅಂತ ಗೊತ್ತಿತ್ತು. ಒಂದು ಬಸ್ಸಿನ ದಾರಿ. ನಾನು ಹೋಗಲಿಲ್ಲ. ನಿನ್ನ ಕೊನೆಯ ದಿನಕ್ಕೆ ಇನ್ನೂ 11 ದಿನ ಇದೆಯಲ್ಲ, ಇವತ್ತೇ ಬರೆ. ಬರೆದ ಮೇಲೆ ನನಗೊಂದು ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಇಂತಿ,
ನಿನ್ನ ಅತ್ತೆ