ಮನೆ ಮಾರಾಟ: ಸ್ವತಃ ಮಾರುವುದೇ, ದಲ್ಲಾಳಿಯ ಮೂಲಕವೇ?

ಅಡಿಕೆಯನ್ನೋ ಕೊಬ್ಬರಿಯನ್ನೋ ಮಾರುವಾಗ ನಮ್ಮ ಸದಸ್ಯರಿಗೆ ಯಾರ ಸಲಹೆಯೂ ಬೇಕಾಗುವುದಿಲ್ಲ. ಆ ದಿನದ ಧಾರಣೆ ಎಲ್ಲರಿಗೂ ತಿಳಿದಿರುತ್ತದೆ. ತೂಕ, ಕಮಿಷನ್, ಹಮಾಲಿ ಎಲ್ಲವನ್ನೂ ಬರೆದ ಪಟ್ಟಿ ಕೈಗೆ ಬರುತ್ತದೆ. ಆದರೆ ಅದೇ ವರ್ತಕರು ತಾವು ಬಾಳಿದ ಮನೆಯನ್ನು ಮಾರಲು ಹೊರಟಾಗ ಪಟ್ಟಿಯನ್ನೂ ಕೇಳುವುದಿಲ್ಲ, ಧಾರಣೆಯನ್ನೂ ವಿಚಾರಿಸುವುದಿಲ್ಲ. ಕಡೂರು ತಾಲ್ಲೂಕಿನ ಸಿಂಗಟಗೆರೆ, ಪಂಚನಹಳ್ಳಿ, ಯಗಟಿ ಹೋಬಳಿಗಳಿಂದ ಮಕ್ಕಳ ವಿದ್ಯಾಭ್ಯಾಸ ಅಥವಾ ವ್ಯಾಪಾರದ ನಿಮಿತ್ತ ಕಡೂರು, ಬೀರೂರು, ಬೆಂಗಳೂರುಗಳಿಗೆ ನೆಲೆ ಬದಲಿಸುವ ಕುಟುಂಬಗಳು ನಮ್ಮ ಕಚೇರಿಗೆ ಬಂದು ಕೇಳುವ ಮೊದಲ ಪ್ರಶ್ನೆ ಒಂದೇ: ದಲ್ಲಾಳಿಗೆ ಕೊಡುವ ಶೇಕಡ ಎರಡನ್ನು ಉಳಿಸಿಕೊಳ್ಳಬಹುದಲ್ಲವೇ?

ಉಳಿಸಿಕೊಳ್ಳಬಹುದು. ಆದರೆ ನಷ್ಟವಾಗುವುದು ಬಹುಮಟ್ಟಿಗೆ ಆ ಶೇಕಡ ಎರಡರಲ್ಲಿ ಅಲ್ಲ. ಸಿಂಗಟಗೆರೆಯ ವರ್ತಕರೊಬ್ಬರ ಪ್ರಸಂಗವನ್ನು ಇಲ್ಲಿ ವಿವರಿಸುವುದು ಉಚಿತ. ಹೆಸರು ಅಪ್ರಸ್ತುತ.

ಅವರು ಮೊದಲು ತಾವೇ ಮನೆ ಮಾರಲು ಯತ್ನಿಸಿದರು. ಪಕ್ಕದ ಮನೆಯವರು 22 ಲಕ್ಷ ರೂಪಾಯಿಗೆ ಕೇಳಿದರು. ಹಲವು ವರ್ಷಗಳ ಒಡನಾಟ, ನಾಳೆಯೂ ಮುಖ ನೋಡಬೇಕಾದ ಜನ. ದಾಕ್ಷಿಣ್ಯದಿಂದ ಬೆಲೆ ಏರಿಸಿ ಕೇಳಲಾಗದೆ ಆರು ತಿಂಗಳು "ನೋಡೋಣ, ನೋಡೋಣ" ಎಂದೇ ಕಳೆಯಿತು. ಅನಂತರ ದಲ್ಲಾಳಿಯೊಬ್ಬರು ಬಂದು, "ನಿಮ್ಮ ಕೈಗೆ 26 ಲಕ್ಷ ಕೊಡಿಸುತ್ತೇನೆ, ಅದರ ಮೇಲೆ ಬಂದದ್ದು ನನ್ನದು" ಎಂದರು. ಇವರು ಬಾಯಿಮಾತಿನಲ್ಲೇ ಒಪ್ಪಿದರು. 2025ರ ಆರಂಭದಲ್ಲಿ ಬೆಂಗಳೂರಿನಲ್ಲಿದ್ದ ಕುಟುಂಬವೊಂದು ಬ್ಯಾಂಕ್ ಸಾಲ ಪಡೆದು ಮನೆಯನ್ನು ಕೊಂಡಿತು. ಕ್ರಯಪತ್ರವಾದದ್ದು 31 ಲಕ್ಷಕ್ಕೆ. ಹಣವೆಲ್ಲ ಇವರ ಖಾತೆಗೆ ಬಂತು. ಐದು ಲಕ್ಷವನ್ನು ಬಿಡಿಸಿ ನಗದಾಗಿ ದಲ್ಲಾಳಿಯ ಕೈಗಿತ್ತರು. ರಸೀದಿ ಇಲ್ಲ.

ರಿಟರ್ನ್ ಸಲ್ಲಿಸುವ ಕಾಲಕ್ಕೆ ಅವರು ಕೇಳಿದ್ದು, "ಆಡಿಟರೇ, ನನಗೆ ಉಳಿದದ್ದು ಇಪ್ಪತ್ತಾರೇ ಅಲ್ಲವೇ?" ಎಂದು. ಕ್ರಯಪತ್ರ ಮತ್ತು ಬ್ಯಾಂಕ್ ಪಾಸ್‌ಪುಸ್ತಕ ಎರಡೂ 31 ಎನ್ನುತ್ತವೆ. ಆಸ್ತಿಯ ವರ್ಗಾವಣೆಗಾಗಿಯೇ ಸಂಪೂರ್ಣವಾಗಿ ಮಾಡಿದ ವೆಚ್ಚವನ್ನು ಬಂಡವಾಳ ಲಾಭದಲ್ಲಿ ಕಳೆಯಲು 1961ರ ಆದಾಯ ತೆರಿಗೆ ಕಾಯ್ದೆಯ 48ನೇ ಕಲಂ ಅವಕಾಶ ಕೊಟ್ಟಿದೆ. ದಲ್ಲಾಳಿಯೂ ಅಂಥ ವೆಚ್ಚವೇ. 2025ರ ಹೊಸ ಕಾಯ್ದೆಯಲ್ಲೂ ಈ ತತ್ವ ಮುಂದುವರಿದಿದೆ. ಆದರೆ ಪುರಾವೆ ಬೇಕು. 2024ರ ಜುಲೈ 23ರ ಬಳಿಕ ದೀರ್ಘಾವಧಿ ಲಾಭದ ದರ ಸೂಚ್ಯಂಕವಿಲ್ಲದೆ ಶೇಕಡ 12.5. ಆ ದಿನಾಂಕಕ್ಕೆ ಮೊದಲೇ ಪಡೆದ ಮನೆಯಾದರೆ, ನಿವಾಸಿ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಸೂಚ್ಯಂಕ ಸಹಿತ ಶೇಕಡ 20ರ ಲೆಕ್ಕದೊಡನೆ ಹೋಲಿಸಿ ಕಡಿಮೆಯಾದ ತೆರಿಗೆಯನ್ನು ಕೊಡಬಹುದು. ಇವರಿಗೆ 12.5ರ ಲೆಕ್ಕವೇ ಅನುಕೂಲವಾಯಿತು. ಆದರೂ ಕೈಯಲ್ಲಿ ಉಳಿಯದ ಐದು ಲಕ್ಷಕ್ಕೆ 62,500 ರೂಪಾಯಿ, ಸೆಸ್ ಸೇರಿ 65,000 ರೂಪಾಯಿ ತೆರಿಗೆ ತೆರಬೇಕಾಯಿತು.

ಶೇಕಡ ಎರಡರಂತೆ ಬರೆದುಕೊಟ್ಟು, ಚೆಕ್ ಮೂಲಕ ಪಾವತಿಸಿದ್ದರೆ ದಲ್ಲಾಳಿ 62,000 ರೂಪಾಯಿ ಆಗುತ್ತಿತ್ತು. ಕೈಯಲ್ಲಿ 30,38,000 ಉಳಿಯುತ್ತಿತ್ತು. ಹಾಗೆಂದು ದಲ್ಲಾಳಿಯನ್ನು ದೂರುವುದೂ ನ್ಯಾಯವಲ್ಲ. ಆತ ಬಾರದಿದ್ದರೆ ಮನೆ 22ಕ್ಕೇ ಹೋಗುತ್ತಿತ್ತು. ತಪ್ಪಿದ್ದು ಆತನನ್ನು ನೇಮಿಸಿದ್ದರಲ್ಲಲ್ಲ, "ಮೇಲಿನದು ನಿನ್ನದು" ಎಂಬ ಕರಾರಿನಲ್ಲಿ. ಮಾಲಿನ ವ್ಯಾಪಾರದಲ್ಲಿ ಇಂಥ ಮಾತಿಗೆ ನಮ್ಮಲ್ಲಿ ಯಾರೂ ಒಪ್ಪಲಾರರು.

ಹಾಗಾದರೆ ಯಾವಾಗ ಸ್ವತಃ ಮಾರಬೇಕು? ನನ್ನ ಅಭಿಪ್ರಾಯದಲ್ಲಿ ಇದನ್ನು ನಿರ್ಧರಿಸುವುದು ಕೊಳ್ಳುವವರು ಎಲ್ಲಿದ್ದಾರೆ ಎಂಬ ಸಂಗತಿ. ಊರಿನವರೋ ಹೋಬಳಿಯವರೋ ಕೊಳ್ಳುವುದಾದರೆ ಸುದ್ದಿ ತಾನಾಗಿ ಹರಡುತ್ತದೆ, ದಲ್ಲಾಳಿಯ ಅಗತ್ಯವಿಲ್ಲ. ಬೆಲೆಯ ಮಾತನ್ನು ಮಾತ್ರ ದಾಕ್ಷಿಣ್ಯವಿಲ್ಲದ ಹಿರಿಯರೊಬ್ಬರಿಗೆ ವಹಿಸಿದರೆ ಸಾಕು. ಕೊಳ್ಳುವವರು ದೂರದ ನಗರದಲ್ಲಿದ್ದರೆ ಅವರನ್ನು ಹುಡುಕಿ, ಕರೆತಂದು ತೋರಿಸಿ, ಸಾಲ ಮಂಜೂರಾಗುವವರೆಗೆ ಬೆನ್ನು ಹತ್ತುವ ಕೆಲಸಕ್ಕೆ ಕೂಲಿ ಕೊಡುವುದು ನ್ಯಾಯವೇ.

ಹೊಸ ಬಡಾವಣೆಗಳ ಏಜೆಂಟರಿಗೆ 2016ರ ರೇರಾ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯವೆಂದು ಎಲ್ಲರೂ ಕೇಳಿದ್ದಾರೆ. ಆ ನಿಯಮ ಅನ್ವಯಿಸುವುದು ರೇರಾದಲ್ಲಿ ನೋಂದಾಯಿತ ಯೋಜನೆಗಳ ಮಾರಾಟಕ್ಕೆ. ಹಳ್ಳಿಯ ಹಳೆಯ ಮನೆಗೆ ಆ ರಕ್ಷಣೆ ದೊರೆಯದು. ಇಲ್ಲಿ ನಮಗಿರುವ ಆಸರೆ 1872ರ ಭಾರತೀಯ ಕರಾರು ಕಾಯ್ದೆ. ಬೇರೆ ಕರಾರಿಲ್ಲದಿದ್ದರೆ ಕೆಲಸ ಪೂರ್ಣವಾಗುವವರೆಗೆ ಏಜೆಂಟನಿಗೆ ಸಂಭಾವನೆ ಸಲ್ಲದು (219ನೇ ಕಲಂ). ಯಜಮಾನನಿಗೆ ತಿಳಿಸದೆ ತನ್ನ ಲಾಭಕ್ಕಾಗಿ ವ್ಯವಹಾರ ನಡೆಸಿದರೆ ಆ ಲಾಭವನ್ನು ಯಜಮಾನನು ಕೇಳಿ ಪಡೆಯಬಹುದು (216ನೇ ಕಲಂ). ಆದ್ದರಿಂದ ಒಂದು ಪುಟದ ಕಾಗದದಲ್ಲಿ ಕನಿಷ್ಠ ಬೆಲೆ, ಶೇಕಡಾವಾರು, ಅವಧಿ ಮತ್ತು ಕೊಳ್ಳುವವರಿಂದಲೂ ದಲ್ಲಾಳಿ ಪಡೆಯುವುದಾದರೆ ಆ ಸಂಗತಿ, ಇವಿಷ್ಟನ್ನು ಬರೆಸಿ ಸಹಿ ಪಡೆಯಬೇಕು. "ಓಡಾಟಕ್ಕೆ ಅನುಕೂಲ" ಎಂದು ಜನರಲ್ ಪವರ್ ಆಫ್ ಅಟಾರ್ನಿ ಕೇಳಿದರೆ ಕೊಡಬಾರದು. ಅಂಥ ಪತ್ರದಿಂದ ಒಡೆತನ ವರ್ಗಾವಣೆಯಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. ಆದರೂ ಅದರಿಂದ ಹುಟ್ಟುವ ತಕರಾರುಗಳಿಗೆ ಕೊನೆಯಿಲ್ಲ.

ದಾಖಲೆಗಳ ಕೆಲಸವನ್ನಂತೂ ಯಾರಿಗೂ ವಹಿಸಲಾಗದು. ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಋಣಭಾರ ಪತ್ರ, ಪಾಲುಪತ್ರ, ವಂಶವೃಕ್ಷ, ಕಂದಾಯ ರಸೀದಿಗಳನ್ನು ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ನಮೂನೆ 11ಬಿ ಮಾತ್ರ ಇದ್ದರೆ ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ. ಕೊಳ್ಳುವವರ ಸಂಖ್ಯೆಯೂ ಬೆಲೆಯೂ ಕುಗ್ಗುತ್ತವೆ. ಪಿತ್ರಾರ್ಜಿತ ಮನೆಯಾದರೆ ಅಕ್ಕತಂಗಿಯರ ಪಾಲು ನೆನಪಿರಲಿ. ಹೆಣ್ಣುಮಕ್ಕಳಿಗೆ ಕರ್ನಾಟಕದ ತಿದ್ದುಪಡಿಯಿಂದ 1994ರಲ್ಲಿಯೂ, ಕೇಂದ್ರದ ತಿದ್ದುಪಡಿಯಿಂದ 2005ರಲ್ಲಿಯೂ ಹಕ್ಕು ಬಂದಿದೆ. ಅವರ ಸಹಿಯಿಲ್ಲದೆ ನಿಂತುಹೋದ ಮಾರಾಟಗಳನ್ನು ನಾನು ಬಹಳ ಕಂಡಿದ್ದೇನೆ. ಮುಂಗಡ ಪಡೆದ ಮೇಲೆ ತಂಗಿಯ ಮನೆ ಬಾಗಿಲಿಗೆ ಹೋಗುವುದಕ್ಕಿಂತ ಮೊದಲೇ ಹೋಗುವುದು ಮರ್ಯಾದೆ.

ಮುಂಗಡದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಸ್ಥಿರಾಸ್ತಿಗೆ ಸಂಬಂಧಿಸಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದು 2015ರ ಜೂನ್ 1ರಿಂದ ನಿಷಿದ್ಧ. ದಂಡ ಪಡೆದ ಮೊತ್ತದಷ್ಟೇ. ಎರಡೂ ಕಡೆಯವರು ಕೃಷಿ ವರಮಾನ ಮಾತ್ರ ಉಳ್ಳವರಾಗಿದ್ದು ತೆರಿಗೆಗೆ ಒಳಪಡದವರಾದರೆ ವಿನಾಯಿತಿ ಉಂಟು, ಅಂಗಡಿ ನಡೆಸುವ ನಮಗೆ ಅದು ಅನ್ವಯಿಸುವುದು ಅಪರೂಪ. 2025ರ ಆಗಸ್ಟ್ 31ರಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇಕಡ ಒಂದರಿಂದ ಎರಡಕ್ಕೆ ಏರಿದ್ದರಿಂದ ಕ್ರಯಪತ್ರದಲ್ಲಿ ಬೆಲೆ ತಗ್ಗಿಸಿ ಬರೆಯೋಣವೆಂಬ ಒತ್ತಾಯ ಕೊಳ್ಳುವವರಿಂದ ಹೆಚ್ಚಬಹುದು. ಉಳಿತಾಯ ಅವರದು, ತೊಂದರೆ ಇಬ್ಬರದೂ. ಮುದ್ರಾಂಕಕ್ಕೆ ನಿಗದಿಯಾದ ಮಾರ್ಗಸೂಚಿ ಬೆಲೆ ಬರೆದ ಬೆಲೆಗಿಂತ ಶೇಕಡ ಹತ್ತಕ್ಕೂ ಹೆಚ್ಚಿದ್ದರೆ, ಮಾರ್ಗಸೂಚಿ ಬೆಲೆಯನ್ನೇ ಮಾರಾಟದ ಬೆಲೆಯೆಂದು ತೆರಿಗೆಗೆ ಪರಿಗಣಿಸಲಾಗುತ್ತದೆ.

ಬಂದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳುವುದಕ್ಕೋ, ಮೂರು ವರ್ಷದೊಳಗೆ ಕಟ್ಟುವುದಕ್ಕೋ ತೊಡಗಿಸಿದರೆ ತೆರಿಗೆ ವಿನಾಯಿತಿ ಇದೆ. ಆದರೆ ನಮ್ಮ ಸದಸ್ಯರ ಮನೆಗಳಲ್ಲಿ ಅನೇಕವಕ್ಕೆ ಮುಂಭಾಗದಲ್ಲಿ ಅಂಗಡಿ, ಹಿಂಭಾಗದಲ್ಲಿ ವಾಸ. ವಾಸದ ಮನೆಯ ಈ ವಿನಾಯಿತಿ ಅಂಗಡಿಯ ಭಾಗಕ್ಕೆ ಸಲ್ಲದು. ಅಂಗಡಿ ಕಟ್ಟಡದ ಮೇಲೆ ಪುಸ್ತಕದಲ್ಲಿ ಸವಕಳಿ ಬರೆದಿದ್ದರೆ, ಎಷ್ಟೇ ವರ್ಷ ಹಳೆಯದಾದರೂ ಕಟ್ಟಡದ ಲಾಭವನ್ನು ಅಲ್ಪಾವಧಿಯದೆಂದೇ ಲೆಕ್ಕ ಹಾಕಲಾಗುತ್ತದೆ. ಅಂಥವರು ಬೆಲೆ ಒಪ್ಪುವ ಮೊದಲೇ ಹಿಂದಿನ ವರ್ಷಗಳ ಸವಕಳಿ ಪಟ್ಟಿಯನ್ನು ತಮ್ಮ ಲೆಕ್ಕಪರಿಶೋಧಕರ ಮುಂದಿಡಬೇಕು.